ಪ್ರೆಸ್ ಆಮೇಲೆ, ತಕ್ಕಡಿ ಮೊದಲು

ತೋಟೆ ಕಟ್ಟಲು ಕೆಂಪು ಪ್ರೆಸ್ ತಗೊಳ್ಳಲೋ, ಹಸಿರೋ, ನೀಲಿಯೋ ಎಂದು ಕೇಳಿದ್ದೀಯ. ಅಮೆರಿಕದಲ್ಲಿ ಮನೆಯಲ್ಲೇ ತೋಟೆ ಕಟ್ಟಿಕೊಳ್ಳುವವರು ಕಂಪನಿಗಳನ್ನು ಬಣ್ಣದಿಂದಲೇ ಗುರುತಿಸುತ್ತಾರೆ: ಲೀ ಮತ್ತು ಹಾರ್ನಡಿ ಕೆಂಪು, ಆರ್‌ಸಿಬಿಎಸ್ ಹಸಿರು, ಡಿಲ್ಲನ್ ನೀಲಿ. ಕೋವಿ ಕೊಂಡ ಹೊಸತರಲ್ಲೇ ಆ ಪರಿಭಾಷೆ ನಿನ್ನ ಬಾಯಿಗೆ ಬಂದಿದೆ, ಒಳ್ಳೆಯದು. ಉತ್ತರ ಹೇಳುತ್ತೇನೆ. ಅದಕ್ಕೆ ಮುಂಚೆ ನೀನು ಕೇಳದೇ ಬಿಟ್ಟ ಒಂದು ಸಂಗತಿ.

ನಿನಗೆ ಗ್ರೀನ್ ಕಾರ್ಡ್ ಬಂದಿದೆ. ನಿನ್ನ ಜೊತೆ ಬಾಡಿಗೆ ಹಂಚಿಕೊಂಡಿರುವ ಹುಡುಗ ಇನ್ನೂ ಎಚ್-1ಬಿ. ಅಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ; ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ನಮ್ಮ ಹುಡುಗರು ಎಡವುವುದು ಮುಂದಿನ ಮಾತಿನಲ್ಲಿ. ಆ ಕಾನೂನಿನ ಪ್ರಕಾರ ಮದ್ದುಗುಂಡು ಎಂದರೆ ಪೂರ್ತಿ ತೋಟೆ ಮಾತ್ರವಲ್ಲ. ಖಾಲಿ ಹಿತ್ತಾಳೆ ಕೇಸು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಗುಂಡು, ಮದ್ದು, ಒಂದೊಂದೂ ಬಿಡಿಬಿಡಿಯಾಗಿ ಮದ್ದುಗುಂಡೇ. ಆದ್ದರಿಂದ ನಿನ್ನ ಸಾಮಾನೆಲ್ಲ ನಿನ್ನೊಬ್ಬನ ಬೀಗದ ಕೆಳಗೆ ಇರಲಿ, ಕೀಲಿ ಆ ಹುಡುಗನ ಕೈಗೆ ಸಿಗದಿರಲಿ. ರಾಜ್ಯಗಳ ಕಟ್ಟಳೆ ಬೇರೆ ಇದೆ. ಇಲಿನಾಯ್‌ನಲ್ಲಿ ಫಾಯ್ಡ್ ಎಂಬ ಕೋವಿದಾರರ ಗುರುತು ಕಾರ್ಡ್ ಇಲ್ಲದೆ ಮದ್ದುಗುಂಡು ಮುಟ್ಟುವಂತಿಲ್ಲ. ಮನೆ ಬದಲಿಸುವ ಮುಂಚೆ ಆ ಊರಿನ ನಿಯಮ ಓದು.

ಊರಿಗೆ ಹೊರಡುವಾಗ ಶೂಟಿಂಗ್ ರೇಂಜಿಗೆ ಒಯ್ಯುವ ಬ್ಯಾಗನ್ನು ವಿಮಾನಕ್ಕೆ ತರಲೇಬೇಡ. ಜೇಬಿನ ಹೊಲಿಗೆಯಲ್ಲಿ ಅವಿತು ಕುಳಿತ ಒಂದೇ ಒಂದು ತೋಟೆಗಾಗಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣಗಳು ದಾಖಲಾಗಿವೆ. ಇನ್ನು ಮಡಿಕೇರಿಯ ನಿನ್ನ ಸೋದರಮಾವ ಇದನ್ನು ನೋಡಿ ‘ನಾವೂ ಮಾಡೋಣ’ ಅಂದರೆ, ಬೇಡ ಅನ್ನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸಲು 1959ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಪರವಾನಗಿ ಬೇಕು. ನಾನು ಮುಂದೆ ಹೇಳುವುದೆಲ್ಲ ಅಮೆರಿಕದ ಗ್ಯಾರೇಜಿಗೆ ಮಾತ್ರ.

ಇನ್ನೊಂದು ಪ್ರಶ್ನೆ: ನಿನಗೆ ಇದು ಬೇಕೇ? ವರ್ಷಕ್ಕೊಮ್ಮೆ ಜಿಂಕೆ ಸೀಸನ್ನಿಗೆ ಹೋಗಿ ಇಪ್ಪತ್ತು ತೋಟೆಯ ಒಂದು ಡಬ್ಬಿಯನ್ನೂ ಖಾಲಿ ಮಾಡದವನಿಗೆ ಪ್ರೆಸ್ ಬೇಡ. ಹಣ ಉಳಿಯುತ್ತದೆ ಎಂದು ಶುರು ಮಾಡುವವರೆಲ್ಲ ಕೊನೆಗೆ ಅಷ್ಟೇ ಹಣಕ್ಕೆ ಹೆಚ್ಚು ಹೊಡೆಯುತ್ತಾರೆ, ಹಣವಂತೂ ಉಳಿಯುವುದಿಲ್ಲ. ನಿನ್ನ ಕೋವಿಗೇ ಒಗ್ಗುವ ತೋಟೆ ಬೇಕು, ಅಥವಾ ಅಂಗಡಿಯಲ್ಲಿ ಸುಲಭಕ್ಕೆ ಸಿಗದ ಹಳೆಯ ಕ್ಯಾಲಿಬರ್ ಇದೆ, ಅಥವಾ ಕೈಕೆಲಸದಲ್ಲೇ ಸುಖ ಸಿಗುತ್ತದೆ ಎಂದಾದರೆ ಸರಿ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕತೆಗಳನ್ನು ಓದಿದ ನಿನಗೆ ಅವನ .405 ವಿಂಚೆಸ್ಟರ್ ನೆನಪಿರಬೇಕು. ಅಂಥ ಹಳೆಯ ಕೋವಿಗಳು ಇವತ್ತಿಗೂ ಸದ್ದು ಮಾಡುತ್ತಿದ್ದರೆ ಅದರಲ್ಲಿ ಮನೆಯಲ್ಲಿ ತೋಟೆ ಕಟ್ಟುವವರ ಪಾಲು ದೊಡ್ಡದು. ನಿನ್ನದು .308. 1952ರಿಂದ ಮಾರುಕಟ್ಟೆಯಲ್ಲಿದೆ, ಎಲ್ಲಿ ಬೇಕಾದರೂ ಸಿಗುತ್ತದೆ. ಹಾಗಾಗಿ ನಿನ್ನದು ಮೂರನೆಯ ಕಾರಣವೇ ಇರಬೇಕು. ಅದೂ ಸಣ್ಣದಲ್ಲ.

ಈಗ ಪ್ರೆಸ್. ಸಿಂಗಲ್ ಸ್ಟೇಜ್ ತಗೋ, ಅಂದರೆ ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವಂಥದ್ದು. ಎರಕದ ಕಬ್ಬಿಣದ್ದು, ಚೌಕಟ್ಟು ಇಂಗ್ಲಿಷಿನ ಓ ಅಕ್ಷರದಂತೆ ಸುತ್ತಲೂ ಮುಚ್ಚಿರುವಂಥದ್ದು. ಸಿ ಆಕಾರದ ತೆರೆದ ಚೌಕಟ್ಟು, ಹಗುರ ಲೋಹದ್ದಾದರೆ, ಗಟ್ಟಿ ಕೇಸನ್ನು ಅಳತೆಗೆ ತರುವ ಅಚ್ಚಿನೊಳಗೆ, ಅಂದರೆ ಡೈಯೊಳಗೆ, ಒತ್ತುವಾಗ ಬಾಯಿ ಬಿಡುತ್ತದೆ. ಪ್ರತಿ ಕೇಸೂ ಒಂದೇ ಅಳತೆಗೆ ಬರುವುದಿಲ್ಲ. ಆರ್‌ಸಿಬಿಎಸ್‌ನ ರಾಕ್ ಚಕರ್, ಲೀ ಕ್ಲಾಸಿಕ್ ಕಾಸ್ಟ್, ರೆಡ್ಡಿಂಗ್‌ನ ಬಿಗ್ ಬಾಸ್, ಇವುಗಳಲ್ಲಿ ಯಾವುದಾದರೂ ನಿನ್ನ ಮಗನ ಕಾಲಕ್ಕೂ ಬಾಳುತ್ತದೆ. ಫಾರ್ಸ್ಟರ್‌ನ ಕೋ-ಆಕ್ಸ್ ಜಾಣತನದ ಯಂತ್ರ. ಅದರಲ್ಲಿ ಡೈಯನ್ನು ತಿರುಗಿಸಿ ಕೂರಿಸುವ ಗೋಜಿಲ್ಲ, ಸರಿಸಿದರೆ ಸಾಕು; ಕೇಸು ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಆದರೆ ಮೊದಲ ಪ್ರೆಸ್ಸಿಗೇ ಅಷ್ಟು ಸುರಿಯಬೇಡ. ಲೀಯಲ್ಲಿ ಸಿಡಿದ ಪ್ರೈಮರ್‌ಗಳು ಕೊಳವೆಯೊಂದರ ಮೂಲಕ ಕೆಳಗಿಳಿದು ಒಂದೆಡೆ ಸೇರುತ್ತವೆ. ಹಳೆಯ ಹಸಿರಿನಲ್ಲಿ ಅವು ನೆಲಕ್ಕೂ ಚೆಲ್ಲುತ್ತವೆ. ಅವುಗಳ ಮಸಿಯಲ್ಲಿ ಸೀಸ ಇದೆಯಾದ್ದರಿಂದ, ತೆವಳುವ ಮಗುವಿರುವ ಮನೆಯಲ್ಲಿ ನಾನಾದರೆ ಬಣ್ಣ ಮರೆತು ಈ ಒಂದು ಕಾರಣಕ್ಕೇ ಆರಿಸಿಯೇನು.

ಕಂಪನಿಯ ಬಗ್ಗೆ ಜಗಳ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮುಕ್ಕಾಲುಪಾಲು ಡೈಗಳ ತಿರುಪು ಒಂದೇ ಅಳತೆ: ಏಳು ಎಂಟಾಂಶ ಇಂಚು ದಪ್ಪ, ಇಂಚಿಗೆ 14 ಹಲ್ಲು. ಹಸಿರು ಡೈ ಕೆಂಪು ಪ್ರೆಸ್ಸಿನಲ್ಲಿ ಕೂರುತ್ತದೆ. ಹೋಗಲಿ ಬಿಡು, ಈ ಕಂಪನಿಗಳ ಹುಟ್ಟು ಮಾತ್ರ ಸ್ವಾರಸ್ಯದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಗುಂಡಿನ ಮೇಲು ಹೊದಿಕೆಗೆ ತಾಮ್ರ ಸಿಗದಾಗ, ಹೊಡೆದು ಬಿಸಾಡಿದ .22 ರಿಮ್‌ಫೈರ್ ಕೇಸುಗಳನ್ನೇ ಒತ್ತಿ ಹೊದಿಕೆ ಮಾಡಿಕೊಂಡವರು ಇವರಲ್ಲಿ ಕೆಲವರು. ಕ್ಯಾಲಿಫೋರ್ನಿಯಾದ ಒರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಶುರು ಮಾಡಿದ್ದು ಅಂಥ ಡೈಗಳನ್ನೇ. ರಾಕ್ ಚಕ್ ಎಂಬ ಮಾರ್ಮಟ್ ಜಾತಿಯ ಪ್ರಾಣಿಯನ್ನು ಹೊಡೆಯುವ ಗುಂಡಿಗೆಂದು ಮಾಡಿದ ಆ ಅಚ್ಚಿನ ಹೆಸರಿನ ಮೊದಲಕ್ಷರಗಳೇ ಆರ್‌ಸಿಬಿಎಸ್. ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಜಾಯ್ಸ್ ಹಾರ್ನಡಿ 1949ರಲ್ಲಿ ತನ್ನದೇ ಕಂಪನಿ ತೆರೆದ. ರಿಚರ್ಡ್ ಲೀ 1958ರಲ್ಲಿ ಕೊಟ್ಟಿದ್ದು ಪ್ರೆಸ್ಸೇ ಇಲ್ಲದ, ಸುತ್ತಿಗೆಯಿಂದ ಬಡಿದು ತೋಟೆ ಕಟ್ಟುವ ಪುಟ್ಟ ಸಾಧನ. ಇವರಲ್ಲಿ ಯಾರೂ ಅವಸರದವರಲ್ಲ.

ಅವಸರದವರಿಗೆ ಡಿಲ್ಲನ್ ಇದೆ. ಅದು ಪ್ರೋಗ್ರೆಸಿವ್: ಒಮ್ಮೆ ಹಿಡಿ ಎಳೆದರೆ ನಾಲ್ಕೈದು ಕೇಸುಗಳಲ್ಲಿ ನಾಲ್ಕೈದು ಕೆಲಸ ಒಟ್ಟಿಗೆ ಆಗುತ್ತವೆ. ಸ್ಪರ್ಧೆಗಳಲ್ಲಿ ಸಾವಿರಗಟ್ಟಲೆ ಪಿಸ್ತೂಲು ಹೊಡೆಯುವವರಿಗೆ ಅದು ವರ. ನಿನಗೆ ಯಾಕೆ ಬೇಡ ಅನ್ನುತ್ತೇನೆಂದರೆ, ರೈಫಲ್ ಮದ್ದಿನಲ್ಲಿ ಒಳ್ಳೊಳ್ಳೆಯವು ಸಣ್ಣ ಕಡ್ಡಿಯಾಕಾರದವು. ಅವು ಮದ್ದು ಸುರಿಯುವ ಕೊಳವೆಯಲ್ಲಿ ಒಂದಕ್ಕೊಂದು ಅಡ್ಡ ಸಿಕ್ಕಿಕೊಂಡು ಸೇತುವೆ ಕಟ್ಟುತ್ತವೆ. ಒಂದು ಕೇಸಿಗೆ ಅರೆಪಾಲು ಬಿದ್ದು, ಮಿಕ್ಕಿದ್ದು ಮುಂದಿನ ಕೇಸಿಗೆ ಸೇರುತ್ತದೆ. ಅಷ್ಟೊಂದು ಹೆಚ್ಚು ಬಿದ್ದರೆ ರೈಫಲ್ ಕೇಸು ಸಾಮಾನ್ಯವಾಗಿ ತುಂಬಿ ಚೆಲ್ಲಿ ತಾನೇ ಹೇಳಿಬಿಡುತ್ತದೆ. ಕಡಿಮೆ ಬಿದ್ದದ್ದು ಬಾಯಿ ಬಿಡುವುದಿಲ್ಲ. ಆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡರೆ, ಹಿಂದೆಯೇ ಬಂದ ಇನ್ನೊಂದು ಗುಂಡಿಗೆ ನಳಿಗೆ ಸೀಳುತ್ತದೆ. ಸಿಂಗಲ್ ಸ್ಟೇಜಿನಲ್ಲಿ ಹೀಗಾಗುವುದಿಲ್ಲ ಅಂತಲ್ಲ. ಆದರೆ ಅಲ್ಲಿ ನಡುವೆ ಒಂದು ನಿಲುಗಡೆ ಇದೆ. ಐವತ್ತು ಕೇಸಿಗೂ ಮದ್ದು ಹಾಕಿ ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸುತ್ತೀಯ. ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಒಂದೊಂದರ ಬಾಯೊಳಗೂ ಇಣುಕುತ್ತೀಯ. ಎಲ್ಲದರ ಮಟ್ಟ ಒಂದೇ ಇರಬೇಕು. ನೀನು ದುಡ್ಡು ಕೊಡುವುದು ಆ ಇಣುಕುವಿಕೆಗೆ. ಟರೆಟ್ ಅಂತ ಮಧ್ಯದ ಜಾತಿಯೊಂದಿದೆ, ಡೈಗಳನ್ನು ಚಕ್ರದಲ್ಲಿ ಕೂರಿಸಿ ತಿರುಗಿಸುವುದು. ಕೆಟ್ಟದ್ದೇನಲ್ಲ. ಮುಂದೆ ಪಿಸ್ತೂಲಿಗೂ ಕಟ್ಟಬೇಕೆನ್ನಿಸಿದಾಗ ಯೋಚಿಸು.

ಪ್ರೆಸ್ ಬಗ್ಗೆ ಇಷ್ಟು ಸಾಕು. ಅದು ಒಂದು ಸನ್ನೆಗೋಲು, ಅಷ್ಟೇ. ಕೈಯಲ್ಲಿರುವ ಹಣದ ದೊಡ್ಡ ಪಾಲು ಅಳೆಯುವ ಸಾಮಾನಿಗೆ ಹೋಗಲಿ. ನಿನ್ನಂಥ ಹುಡುಗರು ಇದನ್ನು ತಿರುಗುಮುರುಗು ಮಾಡುತ್ತಾರೆ: ಪ್ರೆಸ್ ಮೇಲಿನದ್ದು, ತಕ್ಕಡಿ ಅಗ್ಗದ್ದು.

ನಮ್ಮ ಮಲೆನಾಡಿನ ಕೇಪಿನ ಕೋವಿಗೆ ಮದ್ದು ಹಾಕುತ್ತಿದ್ದದ್ದು ಅಳತೆ ಕೊಳವೆಯಲ್ಲಿ. ಕರಿಮದ್ದು ಹಾಗೆ ಸುರಿದರೂ ಸಹಿಸಿಕೊಳ್ಳುತ್ತದೆ. ಅದು ಗಾತ್ರದ ಲೆಕ್ಕದ್ದು. ಈಗಿನ ಹೊಗೆಯಿಲ್ಲದ ಮದ್ದು ತೂಕದ ಲೆಕ್ಕದ್ದು, ಅದಕ್ಕೆ ಸಹನೆ ಇಲ್ಲ. (ಅದನ್ನು ಕೇಪಿನ ಕೋವಿಗೆ ಸುರಿದರೆ ಕೋವಿಯೂ ಉಳಿಯುವುದಿಲ್ಲ, ಕೈಯೂ ಉಳಿಯುವುದಿಲ್ಲ.) ಅದರ ತೂಕ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಕಾಳು ಹೆಚ್ಚುಕಡಿಮೆ ಎರಡು ಗ್ರೇನ್. ನೀನು ತೂಗಬೇಕಾದದ್ದು ಗ್ರೇನಿನ ಹತ್ತನೇ ಒಂದು ಭಾಗದವರೆಗೆ, ಅಂದರೆ ಒಂದು ಗುಲಗಂಜಿಯ ಇಪ್ಪತ್ತನೇ ಒಂದು ಪಾಲಿನವರೆಗೆ. .308ರ ಚೇಂಬರಿನಲ್ಲಿ ಚದರ ಇಂಚಿಗೆ 62,000 ಪೌಂಡ್ ಒತ್ತಡದ ಮಿತಿ ಹಾಕಿದ್ದಾರೆ, ಮತ್ತು ಆ ಚೇಂಬರು ನಿನ್ನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿರುತ್ತದೆ.

ಹಾಗಾಗಿ ಹಳೆಯ ಮಾದರಿಯ ದಂಡದ ತಕ್ಕಡಿ ಒಂದು ಇರಲಿ. ನಿಧಾನ, ಆದರೆ ಭೂಮಿಯ ಗುರುತ್ವ ಕೆಡುವ ವಸ್ತುವಲ್ಲ. ಬ್ಯಾಟರಿಯ ಅಗ್ಗದ ಡಿಜಿಟಲ್ ತಕ್ಕಡಿ ಫ್ಯಾನಿನ ಗಾಳಿಗೆ, ಚಳಿಗೆ, ಪಕ್ಕದ ಫೋನಿಗೆ ಅಲುಗುತ್ತದೆ; ಸೊನ್ನೆ ಎಲ್ಲಿತ್ತೋ ಅಲ್ಲಿಂದ ಮೆಲ್ಲಗೆ ಜಾರುತ್ತದೆ, ಮುಖದಲ್ಲಿ ಮಾತ್ರ ಅಂಕೆ ಗಂಭೀರವಾಗಿ ನಿಂತಿರುತ್ತದೆ. ಡಿಜಿಟಲ್ ಕೊಂಡರೂ ತಪ್ಪಿಲ್ಲ, ದಂಡದ ತಕ್ಕಡಿಗೆ ಸಾಕ್ಷಿಯಾಗಿರಲಿ. ಯಾವುದೇ ಆಗಲಿ, ಪರೀಕ್ಷಾ ತೂಕಗಳ ಒಂದು ಪುಟ್ಟ ಪೆಟ್ಟಿಗೆ ಜೊತೆಗೆ ತಾ. ನೀನು ಹಾಕುವ ಮದ್ದಿನ ತೂಕಕ್ಕೆ ಹತ್ತಿರದ ತೂಕವನ್ನು ಕೆಲಸದ ಮೊದಲೂ ಕೊನೆಗೂ ಇಟ್ಟು ನೋಡು.

ತಕ್ಕಡಿಯಷ್ಟೇ ಮುಖ್ಯವಾದ ಇನ್ನೊಂದು ಸಾಧನವನ್ನು ಯಾರೂ ಸಾಧನ ಅನ್ನುವುದಿಲ್ಲ: ಪುಸ್ತಕ. ಲೈಮನ್‌ನದೋ ಹಾರ್ನಡಿಯದೋ ಹೊಸ ಆವೃತ್ತಿಯ ಕೈಪಿಡಿ ಒಂದು, ಮದ್ದಿನ ಕಂಪನಿಯದೇ ಕೋಷ್ಟಕ ಇನ್ನೊಂದು. ಎರಡನ್ನೂ ತೆರೆದಿಟ್ಟು ಹೋಲಿಸಿಕೋ. ನಿನ್ನ ಮದ್ದು, ನಿನ್ನ ಗುಂಡು ಅದರಲ್ಲಿ ಹೆಸರು ಹಿಡಿದು ಇರಬೇಕು. ಅಲ್ಲಿರುವ ಕಡಿಮೆ ತೂಕದಿಂದ ಆರಂಭಿಸಬೇಕು. ಕ್ಲಬ್ಬಿನಲ್ಲಿ ಯಾರೋ ಬರೆದುಕೊಟ್ಟ ಚೀಟಿಯನ್ನು ಅವನೆದುರು ಜೇಬಿಗೆ ಹಾಕಿಕೊ, ಮನೆಗೆ ಬಂದು ಹರಿದುಹಾಕು. ಮದ್ದಿನ ಹೆಸರುಗಳೇ ಬಲೆ. ಎಚ್4350 ಮತ್ತು ಐಎಂಆರ್ 4350 ಎಂಬ ಎರಡು ಡಬ್ಬಿಗಳಿವೆ. ಅಂಕೆ ಒಂದೇ, ಮದ್ದು ಬೇರೆ, ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ. ಎಚ್110 ಮತ್ತು ಡಬ್ಲ್ಯೂ296 ಎಂಬ ಇನ್ನೆರಡು ಡಬ್ಬಿಗಳಿವೆ. ಅಂಕೆ ಬೇರೆ, ಒಳಗಿರುವುದು ಒಂದೇ. ಇದರಲ್ಲಿ ತರ್ಕ ಹುಡುಕುತ್ತಾ ಕೂರಬೇಡ. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ, ಕೆಲಸ ಮುಗಿದ ಕೂಡಲೇ ಉಳಿದ ಮದ್ದು ಅದೇ ಡಬ್ಬಿಗೆ ವಾಪಸ್. ರಾತ್ರಿ ಬಿಟ್ಟು ಬೆಳಿಗ್ಗೆ ‘ಇದು ಯಾವುದಿತ್ತು?’ ಅಂತ ಅನುಮಾನ ಬಂದರೆ ಅದು ಹೂಕುಂಡಕ್ಕೆ ಗೊಬ್ಬರ, ಕೋವಿಗೆ ಅಲ್ಲ.

ನೀನು ಕ್ಯಾಲಿಫೋರ್ನಿಯಾಗೆ ವರ್ಗ ಕೇಳಿದ್ದೀಯ ಅಂತ ಅಮ್ಮ ಹೇಳಿದಳು. ಅಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ತಾಮ್ರದ ಗುಂಡು ಅದೇ ತೂಕಕ್ಕೆ ಉದ್ದವಾಗಿರುತ್ತದೆ, ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ, ಒತ್ತಡದ ಲೆಕ್ಕ ಬದಲಾಗುತ್ತದೆ. ಹಳೆಯ ಲೆಕ್ಕವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡ. ಹೊಸದಾಗಿ ಕೆಳಗಿನಿಂದ ಶುರು.

ಮೂರನೆಯದು ಕ್ಯಾಲಿಪರ್, ಸಾವಿರದ ಒಂದಂಶ ಇಂಚು ಓದುವಂಥದ್ದು. ಹಿತ್ತಾಳೆ ಪ್ರತಿ ಹೊಡೆತಕ್ಕೂ ಹಿಗ್ಗಿ ಉದ್ದವಾಗುತ್ತದೆ. .308ರ ಕೇಸು 2.015 ಇಂಚು ದಾಟಬಾರದು; ದಾಟುವ ಹೊತ್ತಿಗೆ 2.005ಕ್ಕೆ ಕತ್ತರಿಸಬೇಕು. ಬಿಟ್ಟರೆ ಕೇಸಿನ ಬಾಯಿ ಚೇಂಬರಿನ ತುದಿಗೆ ತಾಗಿ ಗುಂಡನ್ನು ಕಚ್ಚಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಕತ್ತರಿಸಲು ಲೀಯ ಕೈತಿರುಪಿನ ಅಗ್ಗದ ಕಟ್ಟರ್ ಸಾಕು. ಮೋಟಾರಿನದು ನೂರುಗಟ್ಟಲೆ ಕೇಸು ಇರುವವರಿಗೆ. ಕತ್ತರಿಸಿದ ಮೇಲೆ ಬಾಯಿಯ ಒಳಹೊರಗಿನ ಚೂಪು ಕೆರೆಯುವ ಪುಟ್ಟ ಸಾಧನವೂ ಬೇಕು.

ಕ್ಯಾಲಿಪರಿಗೆ ಸಿಕ್ಕಿಸುವ ಕಂಪ್ಯಾರೇಟರ್ ಅಂತ ಒಂದು ಬಿಡಿಭಾಗ ಸಿಗುತ್ತದೆ. ಅದನ್ನು ಮೊದಲ ದಿನವೇ ತಾ, ಆಮೇಲೆ ಅನ್ನಬೇಡ. ಡೈಯ ಪೆಟ್ಟಿಗೆಯಲ್ಲಿರುವ ಚೀಟಿ ಏನು ಹೇಳುತ್ತದೆ? ಡೈಯನ್ನು, ಕೇಸಿನ ಬುಡ ಹಿಡಿದಿರುವ ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿ ಇನ್ನೂ ಸ್ವಲ್ಪ ತಿರುಗಿಸು ಅಂತ. ಹಾಗೆ ಕುರುಡಾಗಿ ಮಾಡಿದರೆ ಕೇಸಿನ ಭುಜ ಬೇಕಾದ್ದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಹೊಡೆದಾಗ ಅದು ಮತ್ತೆ ಮುಂದಕ್ಕೆ ಚಿಮ್ಮಿ, ಬುಡದ ಹತ್ತಿರ ಗೋಡೆ ತೆಳುವಾಗುತ್ತದೆ. ನಾಲ್ಕಾರು ಸಲಕ್ಕೆ ಬುಡವೇ ಕಳಚುತ್ತದೆ. ನಿನ್ನ ಕೋವಿಯಲ್ಲಿ ಹೊಡೆದ ಕೇಸಿನ ಭುಜವನ್ನು ಕಂಪ್ಯಾರೇಟರಿನಲ್ಲಿ ಅಳೆದು, ಅದಕ್ಕಿಂತ ಎರಡು ಸಾವಿರಾಂಶ ಇಂಚು ಮಾತ್ರ ಹಿಂದೆ ಹೋಗುವಂತೆ ಡೈ ಕೂರಿಸು. ಬುಡದ ಮೇಲೆ ಹೊರಗಡೆ ಹೊಳೆಯುವ ಉಂಗುರ ಕಂಡರೆ, ಅಥವಾ ಕಾಗದದ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಆಡಿಸಿದಾಗ ಕುಳಿ ತಾಗಿದರೆ, ಆ ಕೇಸು ಗುಜರಿಗೆ.

ಡೈಗಳ ವಿಷಯದಲ್ಲಿ ಬೇಗ ಮುಗಿಸುತ್ತೇನೆ. ಸಾಧಾರಣ ಫುಲ್ ಲೆಂಗ್ತ್ ಡೈ ಜೋಡಿ ಕೊಳ್ಳು. ಬುಶಿಂಗ್, ಮೈಕ್ರೋಮೀಟರ್ ಎಲ್ಲ ಬೇಟೆಗೆ ಬೇಡ. ಲೀ ಜೋಡಿಯಲ್ಲಿ ಶೆಲ್ ಹೋಲ್ಡರ್ ಸೇರಿಯೇ ಬರುತ್ತದೆ, ಬೇರೆಯವರದಾದರೆ ಕೇಳಿ ತಗೋ. ಪಿಸ್ತೂಲಿನವರು ಕಾರ್ಬೈಡ್ ಡೈಗೆ ಎಣ್ಣೆಯೇ ಬೇಡ ಎನ್ನುತ್ತಾರಲ್ಲ, ಆ ಮಾತು ಕತ್ತು ಸಣ್ಣಗಿರುವ ರೈಫಲ್ ಕೇಸಿಗೆ ಅನ್ವಯಿಸುವುದಿಲ್ಲ. ಮೇಣ ಹಚ್ಚದಿದ್ದರೆ ಕೇಸು ಡೈಯೊಳಗೆ ಕಚ್ಚಿಕೊಂಡು ಕೂರುತ್ತದೆ, ಅದನ್ನು ಬಿಡಿಸಲು ಬೇರೆಯೇ ಕಿಟ್ ಮಾರುತ್ತಾರೆ. ಅತಿಯಾದರೆ ಭುಜದಲ್ಲಿ ತಗ್ಗು ಬೀಳುತ್ತದೆ. ಬೆರಳ ತುದಿಗೆ ತಾಗಿದಷ್ಟು ಮೇಣ ಸಾಕು.

ಪ್ರೈಮರನ್ನು ಕೈಯಲ್ಲಿ ಹಿಡಿದು ಒತ್ತುವ ಸಾಧನದಿಂದಲೇ ಕೂರಿಸು. ಅದು ಕುಳಿಯ ತಳಕ್ಕೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಕೇಸಿನ ಬುಡಕ್ಕಿಂತ ಕೂದಲಷ್ಟಾದರೂ ಒಳಗಿರಬೇಕು, ಉಬ್ಬಿರಬಾರದು. ಕನ್ನಡಕ ಹಾಕಿಕೊ. ಪ್ರೈಮರುಗಳನ್ನು ಚಂದ ಕಾಣುತ್ತದೆಂದು ಗಾಜಿನ ಭರಣಿಗೆ ಸುರಿದಿಡುವವರನ್ನು ನೋಡಿದ್ದೇನೆ. ಅಲ್ಲಿ ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕಂಪನಿ ಅವನ್ನು ಒಂದೊಂದೇ ಕುಳಿಯಲ್ಲಿ ಬೇರೆಬೇರೆಯಾಗಿ ಇಟ್ಟು ಕಳಿಸುವುದು ಸುಮ್ಮನೆ ಅಲ್ಲ.

ಜಾಗದ ಮಾತು. ಅಲ್ಲಿನ ಅಗ್ನಿಸುರಕ್ಷೆಯ ಎನ್‌ಎಫ್‌ಪಿಎ 495 ಸಂಹಿತೆ ಮನೆಯೊಳಗೆ 20 ಪೌಂಡ್‌ವರೆಗೆ ಹೊಗೆಯಿಲ್ಲದ ಮದ್ದನ್ನು ಅದರ ಮೂಲ ಡಬ್ಬಿಯಲ್ಲೇ ಇಡಬಹುದು ಎನ್ನುತ್ತದೆ. ಅದಕ್ಕೂ ಮೇಲೆ 50 ಪೌಂಡ್‌ವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000 ದಾಟಬಾರದು. ಮರ ಏಕೆಂದರೆ, ಬೆಂಕಿ ಬಿದ್ದಾಗ ಮದ್ದು ಭುಗ್ಗೆಂದು ಉರಿದುಹೋಗಲಿ ಅಂತ. ಉಕ್ಕಿನ ತಿಜೋರಿಯೊಳಗೆ ಬಿಗಿದಿಟ್ಟರೆ ಅದೇ ಬಾಂಬಾಗುತ್ತದೆ. ನಿನ್ನ ಬಾಡಿಗೆ ಕರಾರಿನಲ್ಲಿ ಏನಿದೆ ಅಂತಲೂ ಓದು. ಅಡುಗೆಮನೆಯ ಮೇಜಂತೂ ಬೇಡವೇ ಬೇಡ. ಕೇಸು ಉಜ್ಜುವಾಗ ಧೂಳು ಏಳುವ ಕೆಲಸ ಹೊರಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು. ತೊಳೆದ ಕೇಸು ಒಣಗಿಸಲು ನಿನ್ನ ಹೆಂಡತಿಯ ಓವನ್ ಮುಟ್ಟಬೇಡ. ಸೀಸದ ಕಾರಣಕ್ಕೆ ಮಾತ್ರ ಹೇಳುತ್ತಿಲ್ಲ. ಮೇಜಿಗೆ ಬೋಲ್ಟ್ ಹಾಕಲು ಮನೆಯವರು ಒಪ್ಪದಿದ್ದರೆ ದಪ್ಪ ಹಲಗೆಗೆ ಪ್ರೆಸ್ ಬಿಗಿದು, ಹಲಗೆಯನ್ನು ಎರಡು ಸಿ-ಕ್ಲ್ಯಾಂಪಿನಿಂದ ಮೇಜಿಗೆ ಕಚ್ಚಿಸು. ಅಲುಗುವ ಪ್ರೆಸ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಹಣ ಉಳಿದರೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ತಗೋ. ಪ್ರೈಮರ್ ಚಪ್ಪಟೆಯಾಗಿದೆಯೇ, ಬೋಲ್ಟ್ ಬಿಗಿಯಾಗಿ ಏಳುತ್ತದೆಯೇ ಎಂದು ನೋಡಿ ಒತ್ತಡ ಊಹಿಸುವುದು ಹಳೆಯ ಪದ್ಧತಿ, ಆ ಗುರುತುಗಳು ತಡವಾಗಿ ಬರುತ್ತವೆ. ಪುಸ್ತಕದ ಗರಿಷ್ಠ ವೇಗಕ್ಕಿಂತ ನಿನ್ನ ಗುಂಡು ವೇಗವಾಗಿ ಓಡುತ್ತಿದ್ದರೆ ಒತ್ತಡವೂ ಪುಸ್ತಕ ದಾಟಿದೆ ಅಂತಲೇ ತಿಳಿ, ಕೇಸು ಎಷ್ಟೇ ಚೆನ್ನಾಗಿ ಕಾಣಲಿ.

ಕಟ್ಟಿದ್ದು ನಿನಗೆ ಮಾತ್ರ. ಸ್ನೇಹಿತ ಕೇಳಿದರೂ ಕೊಡಬೇಡ, ಅವನು ಕೊಟ್ಟರೂ ಹೊಡೆಯಬೇಡ. ಮಾರುವುದಾದರೆ ಫೆಡರಲ್ ತಯಾರಕ ಪರವಾನಗಿ ಬೇಕು. ಕೋವಿ ಕಂಪನಿಗಳು ಮನೆಯಲ್ಲಿ ಕಟ್ಟಿದ ತೋಟೆ ಹೊಡೆದರೆ ವಾರಂಟಿ ಇಲ್ಲ ಎಂದು ಕೈಪಿಡಿಯಲ್ಲಿ ಅಚ್ಚು ಹಾಕಿಸಿರುತ್ತವೆ, ಅದೂ ಗೊತ್ತಿರಲಿ.

ಹೊಸ ಪ್ರೆಸ್ಸೇ ಬೇಕೆಂದೇನಿಲ್ಲ. ಮುದುಕರು ತೀರಿಕೊಂಡ ಮನೆಗಳಲ್ಲಿ ಸಾಮಾನು ಮಾರುವ ಎಸ್ಟೇಟ್ ಸೇಲುಗಳಲ್ಲಿ ಎರಕದ ಕಬ್ಬಿಣದ ಪ್ರೆಸ್‌ಗಳು ಸಿಗುತ್ತವೆ. ಹೋದಾಗ ಹಿಡಿಯನ್ನು ಎತ್ತಿ ಇಳಿಸಿ ನೋಡು; ಕೇಸನ್ನು ಮೇಲೆತ್ತುವ ರಾಮ್ ಎಂಬ ಕಂಬವನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸು. ಕಡಕ್ ಕಡಕ್ ಎಂದರೆ ಬಿಡು. ಹೊರಗಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಡೈಯ ಒಳಮೈಯ ತುಕ್ಕು ಹೋಗುವುದಿಲ್ಲ. ತಕ್ಕಡಿ ಸಿಕ್ಕಿದರೆ ದಂಡದ ಚೂರಿಯಂಚು ಸವೆದಿದೆಯೇ ಎಂದು ನಿನ್ನ ಪರೀಕ್ಷಾ ತೂಕವನ್ನು ಅಲ್ಲೇ ಇಟ್ಟು ನೋಡು. ಆ ಮನೆಯ ಹೆಂಗಸು ‘ಇದನ್ನೂ ತಗೊಂಡು ಹೋಗಿ’ ಎಂದು ಅರ್ಧ ಖಾಲಿಯಾದ ಮದ್ದಿನ ಡಬ್ಬಿಗಳನ್ನು ಪುಕ್ಕಟೆ ಕೊಡಲು ಬರುತ್ತಾಳೆ. ಬೇಡವೆಂದು ಕೈಮುಗಿ. ಮೇಲಿನ ಚೀಟಿ ಏನು ಹೇಳುತ್ತದೋ ಅದೇ ಒಳಗಿದೆ ಅನ್ನುವುದಕ್ಕೆ ಸಾಕ್ಷಿ ಹೇಳಬೇಕಾದವನು ಈಗಿಲ್ಲ.